ಬೂಸಾ ನೆನಪಿದೆ, ಬುಟ್ಟಿ ಮರೆತಿದೆ

ಬಸವಾಪಟ್ಟಣದ ನಮ್ಮ ಕೇರಿಯಲ್ಲಿ ಬೂಸಾ ಅನ್ನೋದು ಬೈಗುಳವಲ್ಲ, ದನದ ತಿಂಡಿ. ಜೀತಕ್ಕಿದ್ದ ನಮ್ಮಪ್ಪ ಧಣಿಯ ಎಮ್ಮೆಗಳಿಗೆ ದಿನಾ ಅದನ್ನು ಕಲಸಿ ಇಡುತ್ತಿದ್ದ. ಹಾಲು ಮಾತ್ರ ನಮ್ಮ ಕೇರಿಯ ಕಡೆ ತಲೆಹಾಕಲಿಲ್ಲ.

1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿರುವುದು ಬಹಳಷ್ಟು ಬೂಸಾ ಎಂದರು; ದಲಿತರ ಮಕ್ಕಳು ಇಂಗ್ಲಿಷ್ ಕಲಿಯಲಿ ಎಂಬುದು ಅವರ ವಾದ. ಬಸವಲಿಂಗಪ್ಪ ನಮ್ಮ ಮಗ್ಗುಲ ಹರಿಹರದವರು, 1924ರಲ್ಲಿ ಹುಟ್ಟಿದವರು, ವೃತ್ತಿಯಿಂದ ವಕೀಲರು. ನಾನು ಅರ್ಥಮಾಡಿಕೊಂಡಂತೆ ಅವರು ಹೂಡಿದ್ದು ಒಂದು ದಾವೆ: ಈ ಸಾಹಿತ್ಯ ನನ್ನ ಜನಕ್ಕೆ ಕೊಟ್ಟದ್ದೇನು? ದಾವೆಗೆ ಉತ್ತರ ಕೊಡಬೇಕಿತ್ತು. ಕೊಟ್ಟದ್ದು ಏಟು. ಊರೂರಲ್ಲಿ ದಲಿತ ವಿದ್ಯಾರ್ಥಿಗಳು ಹೊಡೆತ ತಿಂದರು. ದೇವರಾಜ ಅರಸು ಸಂಪುಟದಿಂದ ಬಸವಲಿಂಗಪ್ಪ ಹೊರಬಿದ್ದರು. ಕನ್ನಡಕ್ಕೆ ಅವಮಾನವಾಯಿತು ಅಂತ ಬೀದಿಗಿಳಿದವರಿಗೆ ಕನ್ನಡವನ್ನೇ ಆಡುವ ಈ ಹುಡುಗರು ಕನ್ನಡಿಗರಾಗಿ ಕಾಣಲಿಲ್ಲವಲ್ಲ!

ಆ ಮಾತನ್ನು ನಾನು ಪೂರ್ತಿ ಒಪ್ಪುವವನಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರ ಕನ್ನಡವನ್ನೂ ಅದೇ ಗೋಣಿಗೆ ತುಂಬಿದರೆ ನಷ್ಟ ನಮ್ಮದೇ. ಅದೇ ಹರಿಹರದಲ್ಲಿ 1938ರಲ್ಲಿ ಹುಟ್ಟಿದ ಬಿ. ಕೃಷ್ಣಪ್ಪ ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದುಕೊಂಡೇ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಒಬ್ಬರು ಕನ್ನಡದ ಮೇಲೆ ಸಿಟ್ಟಾದರು, ಇನ್ನೊಬ್ಬರು ಆ ಸಿಟ್ಟನ್ನು ಕನ್ನಡದಲ್ಲೇ ಬರೆಸಿದರು. ಬೂಸಾ ಗಲಾಟೆಯಲ್ಲಿ ಏಟು ತಿಂದ ತಲೆಮಾರೇ ದಲಿತ ಸಾಹಿತ್ಯದ ಮೊದಲ ತಲೆಮಾರು ಅನ್ನೋದನ್ನು ಯಾರೂ ಮರೆಯಬಾರದು.

ಆದರೆ ನನ್ನ ತಕರಾರು ಬೇರೆ. ಬೂಸಾ ಪ್ರಕರಣ ನಮ್ಮ ವಿಮರ್ಶಕರಿಗೆಲ್ಲ ಬಾಯಿಪಾಠ. ಅದೇ ಬಸವಲಿಂಗಪ್ಪ ನಗರಾಡಳಿತ ಸಚಿವರಾಗಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದ್ದು ಎಷ್ಟು ಜನರ ಬಾಯಲ್ಲಿದೆ? ಇದಕ್ಕೆ ದೇಶದ ಕಾನೂನು ಬಂದದ್ದು 1993ರಲ್ಲಿ. ಬಸವಲಿಂಗಪ್ಪ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಒಂದು ಶಬ್ದಕ್ಕೆ ನೂರು ಲೇಖನ ಬರೆದವರು ಬುಟ್ಟಿಯ ಬಗ್ಗೆ ಒಂದು ಪುಟ ಬರೆಯಲಿಲ್ಲ. ಸಾಹಿತ್ಯ ಚರಿತ್ರೆಗೆ ಬುಟ್ಟಿ ಯಾಕೆ ಅಂತ ಕೇಳುವವರಿದ್ದಾರೆ. ಬುಟ್ಟಿ ಹೊತ್ತ ತಲೆ ಪುಸ್ತಕ ಓದೋದು ಯಾವಾಗ ಅಂತ ನಾನು ಕೇಳುತ್ತೇನೆ.

2010ರಲ್ಲಿ ಸವಣೂರಿನಲ್ಲಿ ಭಂಗಿ ಸಮುದಾಯದವರು ನೀರಿಗೆ, ಸೂರಿಗೆ ಬೇಡಿ ಬೇಡಿ ಸಾಕಾಗಿ, ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಬಸವಲಿಂಗಪ್ಪನವರ ಆದೇಶಕ್ಕೆ ಆಗಲೇ ಮೂವತ್ತೈದು ವರ್ಷ ಮೀರಿತ್ತು.