ಆ್ಯಡಿ ಬ್ರೌನಳ ಪತ್ರಗಳು: ವರ್ಣಭೇದದ ನಾಡಿನಲ್ಲಿ ಇಬ್ಬರು ಸ್ತ್ರೀಯರ ಪ್ರೇಮ

೧

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ ಅಲ್ಲಿಯ ಇತಿಹಾಸ ಸಂಸ್ಥೆಯ ಸಂಗ್ರಹಾಲಯವಿದೆ. ಅದರಲ್ಲಿ ಒಂದು ಸಾಮಾನ್ಯ ಕುಟುಂಬದ ಪತ್ರಗಳ ಕಟ್ಟು ಸೇರಿದೆ. ಆ ಪತ್ರಗಳಲ್ಲಿ ನೂರಕ್ಕೂ ಹೆಚ್ಚಿನವು ಆ್ಯಡಿ ಬ್ರೌನ್ ಎಂಬ ಮನೆಗೆಲಸದ ಹೆಣ್ಣುಮಗಳು ರೆಬೆಕ್ಕಾ ಪ್ರೈಮಸ್ ಎಂಬ ಶಾಲಾ ಶಿಕ್ಷಕಿಗೆ ಬರೆದವು. ಇಬ್ಬರೂ ಕಪ್ಪು ಜನಾಂಗದವರು. ಇಬ್ಬರೂ ಹುಟ್ಟಿನಿಂದ ಸ್ವತಂತ್ರರು. ೧೮೫೯ರಿಂದ ೧೮೬೮ರವರೆಗಿನ ಈ ಪತ್ರಗಳನ್ನು ಓದಿದವರಿಗೆ ಅವು ಪ್ರೇಮಪತ್ರಗಳೆಂಬ ವಿಷಯದಲ್ಲಿ ಸಂದೇಹ ಉಳಿಯುವುದಿಲ್ಲ.

ಆ ದಶಕ ಅಮೆರಿಕದ ಇತಿಹಾಸದಲ್ಲಿ ಅತ್ಯಂತ ಪ್ರಕ್ಷುಬ್ಧವಾದುದು. ೧೮೬೧ರಿಂದ ೧೮೬೫ರವರೆಗೆ ಅಂತರ್ಯುದ್ಧ ನಡೆಯಿತು. ೧೮೬೫ರ ಡಿಸೆಂಬರಿನಲ್ಲಿ ಸಂವಿಧಾನದ ಹದಿಮೂರನೆಯ ತಿದ್ದುಪಡಿ ಜಾರಿಗೆ ಬಂದು ಗುಲಾಮಗಿರಿ ದೇಶದಾದ್ಯಂತ ಕೊನೆಗೊಂಡಿತು. ಆ ಕಾಲದ ಸಾಮಾನ್ಯ ಇತಿಹಾಸಗ್ರಂಥಗಳಲ್ಲಿ ಲಿಂಕನ್ನನೂ ಸೇನಾಪತಿಗಳೂ ಬರುತ್ತಾರೆ. ಹಾರ್ಟ್‌ಫರ್ಡಿನ ಅಡಿಗೆಮನೆಗಳು ಬರುವುದಿಲ್ಲ. ಆದರೆ ಒಂದು ಸಮಾಜ ತನ್ನ ಜನರಿಗೆ ಯಾವುದನ್ನು ನಿಷೇಧಿಸಿತ್ತು, ಆ ನಿಷೇಧದೊಳಗೆ ಜನ ಹೇಗೆ ಬಾಳಿದರು ಎಂಬುದನ್ನು ಅರಿಯಬೇಕಾದರೆ ಇಂಥ ಕಟ್ಟುಗಳನ್ನೇ ಬಿಚ್ಚಿ ನೋಡಬೇಕು. ಪ್ರಸ್ತುತ ಲೇಖನದ ಉದ್ದೇಶ ಅಷ್ಟೇ.

೨

ಗುಲಾಮಗಿರಿ ಇದ್ದುದು ದಕ್ಷಿಣದಲ್ಲಿ, ಸ್ವಾತಂತ್ರ್ಯ ಇದ್ದುದು ಉತ್ತರದಲ್ಲಿ ಎಂಬ ತಿಳಿವಳಿಕೆ ನಮ್ಮಲ್ಲಿ ಸಾಮಾನ್ಯ. ಕನೆಕ್ಟಿಕಟ್ ಉತ್ತರದ ರಾಜ್ಯ. ಆದರೂ ಅಲ್ಲಿ ಗುಲಾಮಗಿರಿ ಪೂರ್ಣವಾಗಿ ಅಳಿದದ್ದು ೧೮೪೮ರಲ್ಲಿ. ೧೮೧೮ರ ರಾಜ್ಯ ಸಂವಿಧಾನ ಮತದಾನದ ಹಕ್ಕನ್ನು ಬಿಳಿಯ ಗಂಡಸರಿಗೆ ಮಾತ್ರ ಮೀಸಲಿಟ್ಟಿತು. ಅದನ್ನು ಬದಲಿಸುವ ಪ್ರಶ್ನೆ ೧೮೪೭ರಲ್ಲಿಯೂ ೧೮೬೫ರಲ್ಲಿಯೂ ಮತದಾರರ ಮುಂದೆ ಬಂದಿತು. ಎರಡು ಸಲವೂ ಅವರು ಬೇಡವೆಂದರು. ಯುದ್ಧ ಗೆದ್ದ ವರ್ಷದಲ್ಲಿಯೇ, ಆ ಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರಿಗೆ ತವರಿನಲ್ಲಿ ಮತವಿಲ್ಲವೆಂದು ತೀರ್ಮಾನವಾದುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ವಿದ್ಯೆಯ ವಿಷಯದಲ್ಲಿಯೂ ಸ್ಥಿತಿ ಭಿನ್ನವಾಗಿರಲಿಲ್ಲ. ಪ್ರೂಡೆನ್ಸ್ ಕ್ರ್ಯಾಂಡಲ್ ಎಂಬ ಬಿಳಿಯ ಶಿಕ್ಷಕಿ ೧೮೩೩ರಲ್ಲಿ ಕ್ಯಾಂಟರ್ಬರಿ ಎಂಬ ಊರಿನಲ್ಲಿ ಕಪ್ಪು ಬಾಲೆಯರಿಗಾಗಿ ಶಾಲೆ ನಡೆಸಲು ಹೊರಟಾಗ, ಹೊರರಾಜ್ಯಗಳ ಕಪ್ಪು ಮಕ್ಕಳಿಗೆ ಊರಿನ ಒಪ್ಪಿಗೆಯಿಲ್ಲದೆ ಪಾಠ ಹೇಳಕೂಡದೆಂದು ಶಾಸನಸಭೆ ಕಾನೂನನ್ನೇ ಮಾಡಿತು. ಮರುವರ್ಷ ಜನರ ಗುಂಪೊಂದು ಶಾಲೆಯ ಮೇಲೆ ದಾಳಿಯಿಟ್ಟಿತು, ಶಾಲೆ ಮುಚ್ಚಿತು. ೧೮೩೮ರಲ್ಲಿ ಆ ಕಾನೂನು ರದ್ದಾದರೂ ಹಾರ್ಟ್‌ಫರ್ಡಿನಲ್ಲಿ ಕಪ್ಪು ಮಕ್ಕಳ ಶಾಲೆಗಳು ೧೮೬೮ರವರೆಗೆ ಬೇರೆಯಾಗಿಯೇ ಇದ್ದವು. ದೇವಾಲಯವೂ ಬೇರೆ. ಟಾಲ್ಕಟ್ ರಸ್ತೆಯ ಚರ್ಚು ಕಪ್ಪು ಸಮಾಜದ ಪ್ರಾರ್ಥನಾಮಂದಿರವೂ ಸಭಾಗೃಹವೂ ಆಗಿದ್ದಿತು.

ಪ್ರೈಮಸ್ ಕುಟುಂಬ ಈ ಚರ್ಚಿನ ಗಣ್ಯ ಕುಟುಂಬಗಳಲ್ಲಿ ಒಂದು. ತಂದೆ ಹೋಲ್ಡ್ರಿಜ್ ಪ್ರೈಮಸ್ ಕಿರಾಣಿ ಅಂಗಡಿಯೊಂದರಲ್ಲಿ ಗುಮಾಸ್ತೆ. ತಾಯಿ ಮೆಹಿಟಬಲ್ ಬಟ್ಟೆ ಹೊಲಿಯುತ್ತಿದ್ದಳು. ಅವರಿಗೆ ಸ್ವಂತ ಮನೆ ಇದ್ದಿತು. ೧೮೩೬ರಲ್ಲಿ ಹುಟ್ಟಿದ ರೆಬೆಕ್ಕಾ ಓದುಬರಹ ಕಲಿತು ಶಿಕ್ಷಕಿಯಾದಳು. ಅವಳ ತಮ್ಮ ನೆಲ್ಸನ್ ಮುಂದೆ ಚಿತ್ರಕಾರನೆಂದು ಹೆಸರಾದ. ಆ್ಯಡಿ ಬ್ರೌನಳಿಗೆ ಇದಾವುದೂ ಇರಲಿಲ್ಲ. ೧೮೪೧ರಲ್ಲಿ ಹುಟ್ಟಿದ ಈಕೆ ತಂದೆತಾಯಿಗಳ ಆಸರೆಯಿಲ್ಲದೆ ಬೆಳೆದು, ಚಿಕ್ಕ ವಯಸ್ಸಿನಲ್ಲಿಯೇ ಪರರ ಮನೆಯ ಚಾಕರಿಗೆ ನಿಂತವಳು. ವಾಟರ್‌ಬರಿ, ನ್ಯೂಯಾರ್ಕ್, ಹಾರ್ಟ್‌ಫರ್ಡ್, ಫಾರ್ಮಿಂಗ್‌ಟನ್ — ಕೆಲಸ ಸಿಕ್ಕಿದೆಡೆಗೆ ಆಕೆ ಹೋದಳು. ಕ್ರಮವಾದ ಶಾಲಾಶಿಕ್ಷಣ ಹೆಚ್ಚಾಗಿ ದೊರೆಯದ ಕಾರಣ ಕಿವಿಗೆ ಕೇಳಿಸಿದಂತೆ ಅಕ್ಷರ ಜೋಡಿಸಿ ಬರೆಯುತ್ತಿದ್ದಳು. ಆ ಬರಹದಲ್ಲಿ ಕಾಗುಣಿತದ ತಪ್ಪುಗಳುಂಟು. ಭಾವದಲ್ಲಿ ತಡವರಿಕೆ ಎಲ್ಲಿಯೂ ಇಲ್ಲ.

೩

ಮೊದಲ ಪತ್ರಗಳ ಕಾಲಕ್ಕೆ ಆ್ಯಡಿಗೆ ಹದಿನೆಂಟರ ಆಸುಪಾಸು, ರೆಬೆಕ್ಕಾಳಿಗೆ ಇಪ್ಪತ್ತಮೂರರ ಆಸುಪಾಸು. ರೆಬೆಕ್ಕಾಳನ್ನು ಅಗಲಿರುವ ನೋವು, ಅವಳ ತೋಳಿನಲ್ಲಿರಬೇಕೆಂಬ ಹಂಬಲ, ಅವಳ ಮುತ್ತಿಗೆ ಸಮನಾದುದು ಬೇರೊಂದಿಲ್ಲವೆಂಬ ಮಾತು — ಇವು ಪತ್ರದಿಂದ ಪತ್ರಕ್ಕೆ ಬರುತ್ತವೆ. ಇವುಗಳ ಜೊತೆಗೇ ಸಂಬಳದ ಚಿಂತೆ, ಯಜಮಾನಿಯ ಸ್ವಭಾವ, ಚರ್ಚಿನ ಸುದ್ದಿ, ಹೊಲಿಸಿದ ಉಡುಪು, ಯುದ್ಧದ ವಾರ್ತೆಗಳೂ ಇವೆ. ಪ್ರೇಮವನ್ನು ಬಾಳಿನಿಂದ ಬೇರ್ಪಡಿಸಿ ಒಂದು ಕಡೆ ಇಡುವಷ್ಟು ಬಿಡುವು ದುಡಿಯುವ ಹೆಂಗಸಿಗೆ ಇರಲಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಗೆಳತಿಯರು ಪರಸ್ಪರ ಅಲಂಕೃತವಾದ ಒಲುಮೆಯ ಭಾಷೆಯಲ್ಲಿ ಬರೆಯುವುದು ವಾಡಿಕೆಯಾಗಿತ್ತು. ಆದ್ದರಿಂದ ಈ ಮಾತುಗಳಿಗೆ ಹೆಚ್ಚಿನ ಅರ್ಥ ಕೊಡಬಾರದು ಎನ್ನುವವರಿದ್ದಾರೆ. ಆ ವಾಡಿಕೆಯನ್ನು ಕ್ಯಾರಲ್ ಸ್ಮಿತ್-ರೋಸೆನ್‌ಬರ್ಗ್ ೧೯೭೫ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ವಿವರಿಸಿದರು. ಆದರೆ ಅವರು ನೋಡಿದ ಪತ್ರಗಳು ಬಹುಮಟ್ಟಿಗೆ ಬಿಳಿಯ ಮಧ್ಯಮವರ್ಗದ ಸ್ತ್ರೀಯರವು. ಆ್ಯಡಿಯ ಪತ್ರಗಳನ್ನು ಕುರಿತು ೧೯೯೫ರಲ್ಲಿ ವಿಸ್ತಾರವಾಗಿ ಬರೆದ ಕ್ಯಾರೆನ್ ಹ್ಯಾನ್ಸನ್ ಅವರು ಈ ಸ್ನೇಹ ಕೇವಲ ಭಾಷೆಯ ಅಲಂಕಾರವಾಗಿರದೆ ದೇಹಸಂಬಂಧವುಳ್ಳದ್ದೂ ಆಗಿತ್ತೆಂದು ತೋರಿಸಿದ್ದಾರೆ. ಅವರಿಗೆ ಮುಖ್ಯ ಆಧಾರವಾದುದು ೧೮೬೭ರ ಒಂದು ಪತ್ರ. ಆಗ ಆ್ಯಡಿ ಫಾರ್ಮಿಂಗ್‌ಟನ್ನಿನಲ್ಲಿ ಶ್ರೀಮಂತ ಬಾಲೆಯರ ಒಂದು ಶಾಲೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಇನ್ನೊಬ್ಬ ಹೆಣ್ಣು ತನ್ನೊಡನೆ ಒಂದೇ ಹಾಸಿಗೆಯಲ್ಲಿ ಮಲಗಬಯಸಿದ ಸಂಗತಿಯನ್ನು ಆಕೆ ಬರೆದಿದ್ದಳು. ರೆಬೆಕ್ಕಾಳಿಗೆ ಅದು ಹಿಡಿಸಲಿಲ್ಲವೆಂಬುದು ಆ್ಯಡಿಯ ಮುಂದಿನ ಪತ್ರದಿಂದ ಸ್ಪಷ್ಟವಾಗುತ್ತದೆ. ತಾನು ಇರುಳೆಲ್ಲ ಆ ಹೆಣ್ಣಿಗೆ ಬೆನ್ನು ಮಾಡಿ, ಉಡುಪಿನ ಗುಂಡಿ ಹಾಕಿಕೊಂಡೇ ಮಲಗಿದ್ದೆನೆಂದೂ, ರೆಬೆಕ್ಕಾಳಿಗೆ ಸಲ್ಲುವುದು ಅವಳಿಗಾಗಿಯೇ ಇರುವುದೆಂದೂ ಆ್ಯಡಿ ಸಮಾಧಾನ ಹೇಳುತ್ತಾಳೆ. ಅಸೂಯೆ ಹುಟ್ಟಿ ಅದಕ್ಕೆ ಸಮಜಾಯಿಷಿ ನಡೆಯುವ ಸ್ಥಳದಲ್ಲಿ ಬರಿಯ ಶಿಷ್ಟಾಚಾರವಿತ್ತೆಂದು ಹೇಳುವುದು ಸಾಧ್ಯವಿಲ್ಲ.

ಅದೇ ಶಾಲೆಯ ಗ್ರಂಥಭಂಡಾರದಿಂದ ಪುಸ್ತಕ ಓದಲು ದೊರೆತ ಸಂತೋಷವನ್ನೂ ಆ್ಯಡಿ ಬರೆದಿದ್ದಾಳೆ. ವಿದ್ಯಾರ್ಥಿನಿಯಾಗಿ ಆ ಬಾಗಿಲು ದಾಟಲು ಅವಳ ಜನಾಂಗಕ್ಕೆ ಅವಕಾಶವಿರಲಿಲ್ಲ, ಕೆಲಸದವಳಾಗಿ ದಾಟಿದಳು.

೪

ಹಾಗಾದರೆ ಈ ಪ್ರೇಮವನ್ನು ನಿಷೇಧಿಸಿದವರು ಯಾರು? ೧೬೫೬ರಲ್ಲಿ ಇದೇ ಪ್ರದೇಶದ ನ್ಯೂ ಹೇವನ್ ವಸಾಹತಿನ ಕಾನೂನು ಸ್ತ್ರೀಯರ ಪರಸ್ಪರ ದೇಹಸಂಬಂಧಕ್ಕೆ ಮರಣದಂಡನೆ ವಿಧಿಸಿತ್ತು. ಆ ವಸಾಹತು ೧೬೬೫ರಲ್ಲಿ ಕನೆಕ್ಟಿಕಟ್ಟಿನಲ್ಲಿ ವಿಲೀನವಾದಾಗ ಆ ವಿಧಿಯೂ ಹೋಯಿತು. ಮುಂದಿನ ಕಾನೂನುಗಳು ಗಂಡಸರನ್ನು ಮಾತ್ರ ಹೆಸರಿಸಿದವು. ಆ್ಯಡಿಯ ಕಾಲಕ್ಕೆ ಕಾನೂನು ಮೌನವಾಗಿತ್ತು.

ಅಕ್ಕಪಕ್ಕದವರೂ ಕುರುಡರಾಗಿರಲಿಲ್ಲ. ತಮ್ಮಿಬ್ಬರಲ್ಲಿ ಒಬ್ಬರು ಗಂಡಸಾಗಿದ್ದರೆ ಮದುವೆಯಾಗುತ್ತಿದ್ದರೆಂದು ರೆಬೆಕ್ಕಾಳ ತಾಯಿಯೇ ಹೇಳಿದಳೆಂದು ಆ್ಯಡಿ ವರದಿ ಮಾಡಿದ್ದಾಳೆ. ಈ ಮಾತನ್ನು ನಾವು ಎರಡು ಸಲ ಓದಬೇಕು. ಅದರಲ್ಲಿ ಅರಿವು ಇದೆ, ಮಮತೆಯೂ ಇದೆ. ಜೊತೆಗೆ ‘ಆಗಿದ್ದರೆ’ ಎಂಬ ಒಂದು ಪದದಲ್ಲಿ ತೀರ್ಪೂ ಇದೆ. ಗದರಿಕೆಯಿಲ್ಲದೆ, ದಂಡವಿಲ್ಲದೆ, ನಗುನಗುತ್ತಲೇ ಬಾಗಿಲು ಮುಚ್ಚುವ ಬಗೆ ಇದು.

ಆ ಬಾಗಿಲಿಗೆ ಅಗುಳಿಯಾದುದು ಹಣದ ಸ್ಥಿತಿ. ದಿನವೂ ಲೆಕ್ಕದ ಪುಸ್ತಕಗಳ ನಡುವೆ ಇರುವ ನನಗೆ ಪತ್ರಗಳ ಈ ಭಾಗ ಎದ್ದು ಕಂಡಿತು. ಕಪ್ಪು ಹೆಂಗಸಿಗೆ ತೆರೆದಿದ್ದ ಉದ್ಯೋಗಗಳು ಬಹು ಕೆಲವು: ಮನೆಗೆಲಸ, ಅಡಿಗೆ, ಬಟ್ಟೆ ಒಗೆಯುವುದು, ಹೊಲಿಗೆ, ಓದಿದವಳಿಗೆ ಕಪ್ಪು ಮಕ್ಕಳ ಶಾಲೆ. ಮನೆಗೆಲಸದವಳು ಯಜಮಾನರ ಮನೆಯಲ್ಲಿ ಮಲಗಬೇಕು. ಕೆಲಸ ಹೋದರೆ ಹಾಸಿಗೆಯೂ ಹೋಯಿತು. ಇಬ್ಬರು ಸ್ತ್ರೀಯರು ಕೂಡಿ ಬಾಳಲು ಒಂದು ಮನೆ ಬೇಕು, ಮನೆಗೆ ಬಾಡಿಗೆ ಬೇಕು, ಬಾಡಿಗೆಗೆ ನಿಲ್ಲುವ ಸಂಬಳ ಬೇಕು. ಆ ಕಾಲದ ಕೆಲವು ಅನುಕೂಲಸ್ಥ ಬಿಳಿಯ ಸ್ತ್ರೀಯರು ಪಿತ್ರಾರ್ಜಿತ ಆಸ್ತಿಯ ಬಲದಿಂದ ಹಾಗೆ ಬಾಳಿದರು. ಆ್ಯಡಿಗೆ ಅದು ಎಟುಕದ ಮಾತು. ಊರಿಂದೂರಿಗೆ ಅಲೆದು ದಣಿದಿದ್ದೇನೆ, ಒಳ್ಳೆಯ ಸಂದರ್ಭ ಒದಗಿದರೆ ಬಿಡಲಾರೆನೆಂಬ ಅರ್ಥದ ಮಾತನ್ನು ಆಕೆ ರೆಬೆಕ್ಕಾಳಿಗೇ ಬರೆದಳು. ಸಂದರ್ಭವೆಂದರೆ ಮದುವೆ; ಮದುವೆಯೆಂದರೆ ತಲೆಯ ಮೇಲೊಂದು ಸೂರು.

೫

೧೮೬೫ರ ಕೊನೆಯಲ್ಲಿ ರೆಬೆಕ್ಕಾ ಹಾರ್ಟ್‌ಫರ್ಡ್ ಬಿಟ್ಟಳು. ಬಿಡುಗಡೆ ಹೊಂದಿದ ಗುಲಾಮರಿಗೆ ನೆರವಾಗಲು ನಗರದಲ್ಲಿ ಸ್ಥಾಪಿತವಾಗಿದ್ದ ಸಂಘವು ಅವಳನ್ನು ಮೇರಿಲ್ಯಾಂಡಿನ ಟಾಲ್ಬಟ್ ಪ್ರಾಂತದ ರಾಯಲ್ ಓಕ್ ಎಂಬ ಹಳ್ಳಿಗೆ ಶಿಕ್ಷಕಿಯಾಗಿ ಕಳುಹಿಸಿತು. ಫ್ರೆಡರಿಕ್ ಡಗ್ಲಸ್ ಗುಲಾಮನಾಗಿ ಹುಟ್ಟಿದ್ದು ಇದೇ ಪ್ರಾಂತದಲ್ಲಿ. ಮೇರಿಲ್ಯಾಂಡಿನಲ್ಲಿ ಗುಲಾಮಗಿರಿ ರದ್ದಾಗಿ ಆಗ ಒಂದೇ ವರ್ಷ ಕಳೆದಿತ್ತು. ರೆಬೆಕ್ಕಾ ಹಗಲು ಮಕ್ಕಳಿಗೆ, ಇರುಳು ಹಿರಿಯರಿಗೆ ಅಕ್ಷರ ಕಲಿಸಿದಳು. ಅಲ್ಲಿಯ ಬಿಳಿಯರ ಹಗೆತನವನ್ನು ಮನೆಯವರಿಗೆ ಬರೆದ ಪತ್ರಗಳಲ್ಲಿ ದಿಟ್ಟವಾಗಿ ವರ್ಣಿಸಿದಳು. ಹಾರ್ಟ್‌ಫರ್ಡಿನ ಹಣವೂ ಹಳ್ಳಿಯವರ ದುಡಿಮೆಯೂ ಸೇರಿ ೧೮೬೭ರಲ್ಲಿ ಶಾಲೆಗೆ ಸ್ವಂತ ಕಟ್ಟಡವಾಯಿತು. ಜನ ಅದಕ್ಕೆ ಅವಳ ಹೆಸರನ್ನೇ ಇಟ್ಟರು.

ಇದು ಅವಳ ಬಾಳಿನ ಸಾರ್ಥಕ ಅಧ್ಯಾಯ. ಆದರೆ ಶತಮಾನಗಳ ಅನ್ಯಾಯವನ್ನು ತುಂಬಿಕೊಡಲು ಹೊರಟ ಆ ಕಾರ್ಯವೇ ಅವಳನ್ನು ಆ್ಯಡಿಯಿಂದ ನಾಲ್ಕು ವರ್ಷ ದೂರವಿರಿಸಿತೆಂಬುದನ್ನೂ ಮರೆಯಬಾರದು. ಊರು ಬಿಟ್ಟು ಬಂದು ಅಂಚೆಯನ್ನು ನಂಬಿ ಬಾಳಿದ ಅನುಭವ ಈ ಪತ್ರಿಕೆಯ ಅನೇಕ ವಾಚಕರ ಮನೆಗಳಲ್ಲಿಯೂ ಇದ್ದೀತು. ಅವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಇನ್ನೊಂದು ವಿಚಿತ್ರವೂ ಇಲ್ಲಿದೆ. ಇಬ್ಬರೂ ಒಂದೇ ಸೂರಿನಡಿ ಬಾಳಿದ್ದರೆ ಈ ಪತ್ರಗಳೇ ಹುಟ್ಟುತ್ತಿರಲಿಲ್ಲ. ಅವರ ಪ್ರೇಮ ನಮಗೆ ತಿಳಿದಿರುವುದು ಅದಕ್ಕೆ ನೆಲೆ ಸಿಗದಿದ್ದ ಕಾರಣದಿಂದಲೇ.

ಈ ನಡುವೆ ಜೋಸೆಫ್ ಟೈನ್ಸ್ ಎಂಬ, ಹಡಗಿನಲ್ಲಿ ಕೆಲಸಕ್ಕಿದ್ದ ಸಜ್ಜನ ಆ್ಯಡಿಯ ಕೈ ಕೇಳಿದ. ಆಕೆ ಹಲವು ಕಾಲ ಹಿಂಜರಿದಳು. ರೆಬೆಕ್ಕಾಳ ಮೇಲಿರುವಂಥ ಪ್ರೀತಿ ಬೇರೆ ಯಾರ ಮೇಲೂ ಬಾರದೆಂದು ಬಚ್ಚಿಡದೆ ಬರೆದಳು. ೧೮೬೮ರಲ್ಲಿ ಮದುವೆ ನಡೆಯಿತು. ಆ್ಯಡಿ ಗಂಡನೊಡನೆ ಫಿಲಡೆಲ್ಫಿಯಕ್ಕೆ ಹೋದಳು. ಉಳಿದಿರುವ ಪತ್ರಗಳು ಅಲ್ಲಿಗೆ ನಿಲ್ಲುತ್ತವೆ. ೧೮೭೦ರ ಜನವರಿ ೧೧ರಂದು, ಮೂವತ್ತು ತುಂಬುವ ಮೊದಲೇ, ಆಕೆ ತೀರಿಕೊಂಡಳು. ಕಪ್ಪು ಗಂಡಸರಿಗೆ ಮತದಾನದ ಹಕ್ಕು ಕೊಟ್ಟ ಹದಿನೈದನೆಯ ತಿದ್ದುಪಡಿ ಊರ್ಜಿತವಾದುದು ಮರುತಿಂಗಳು.

೬

ರೆಬೆಕ್ಕಾ ೧೮೬೯ರಲ್ಲಿ ಹಾರ್ಟ್‌ಫರ್ಡಿಗೆ ಹಿಂದಿರುಗಿದಳು. ರಾಯಲ್ ಓಕಿನಲ್ಲಿ ತಾನು ಇಳಿದುಕೊಂಡಿದ್ದ ಮನೆಯ ಯಜಮಾನ ಚಾರ್ಲ್ಸ್ ಥಾಮಸನನ್ನು, ಆತನ ಮೊದಲ ಹೆಂಡತಿ ಸತ್ತ ಮೇಲೆ, ಮದುವೆಯಾದಳು. ಬಳಿಕ ವಿಧವೆಯಾಗಿ ದೀರ್ಘಕಾಲ ಬಾಳಿ ೧೯೩೨ರಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ, ಕಾಲವಾದಳು.

ಈ ಲೆಕ್ಕದ ಪುಸ್ತಕದಲ್ಲಿ ಒಂದು ಪಕ್ಕದ ಹಾಳೆಗಳು ಮಾತ್ರ ಉಳಿದಿವೆ. ರೆಬೆಕ್ಕಾ ಆ್ಯಡಿಗೆ ಬರೆದ ಪತ್ರ ಒಂದೂ ದೊರೆತಿಲ್ಲ. ಅವಳು ಮನೆಯವರಿಗೆ ಬರೆದವು ಇವೆ. ಅವುಗಳಲ್ಲಿ ಊರಿನ ಸುದ್ದಿ, ಶಾಲೆಯ ಸುದ್ದಿ, ರಾಜಕೀಯ ಇವೆ. ತನ್ನ ಒಳಗನ್ನು ಅವಳು ಅಲ್ಲಿ ತೆರೆಯುವುದಿಲ್ಲ. ಇದನ್ನು ಕಂಡು ಪ್ರೇಮವೆಲ್ಲ ಆ್ಯಡಿಯ ಕಡೆಯದೇ ಆಗಿತ್ತೆಂದು ತರ್ಕಿಸುವುದು ಸುಲಭ. ಆದರೆ ಜಮೆಯ ಹಾಳೆ ಹರಿದುಹೋದರೂ ಖರ್ಚಿನ ಹಾಳೆಯಿಂದ ಅದನ್ನು ಊಹಿಸಬಹುದೆಂಬುದನ್ನು ನಮ್ಮ ವೃತ್ತಿಯವರು ಬಲ್ಲರು. ಆ್ಯಡಿಯ ಪ್ರತಿಯೊಂದು ಉತ್ತರದ ಹಿಂದೆ ರೆಬೆಕ್ಕಾಳ ಒಂದು ಪತ್ರವಿದೆ. ಆ್ಯಡಿಯ ಸಮಾಧಾನದ ಹಿಂದೆ ರೆಬೆಕ್ಕಾಳ ಅಸೂಯೆಯಿದೆ.

ಇದಕ್ಕಿಂತ ದೊಡ್ಡ ಸಾಕ್ಷಿ ಆ ಕಟ್ಟೇ. ಮನೆಯಿದ್ದವರ ಕಾಗದಗಳು ಉಳಿಯುತ್ತವೆ, ಪೆಟ್ಟಿಗೆ ಹೊತ್ತು ಅಲೆದವರವು ಅಳಿಯುತ್ತವೆ. ಇದು ದಾಖಲೆಗಳ ಸಾಮಾನ್ಯ ಧರ್ಮ. ಆ್ಯಡಿಯ ಪತ್ರಗಳು ಉಳಿದುದು ಮನೆಯಿದ್ದ ರೆಬೆಕ್ಕಾ ಅವನ್ನು ಉಳಿಸಿದುದರಿಂದ. ಮದುವೆ, ವೈಧವ್ಯ, ಮುಪ್ಪು ಇವೆಲ್ಲದರ ನಡುವೆ ಅರವತ್ತೆರಡು ವರ್ಷ ಅವಳು ಆ ಕಾಗದಗಳನ್ನು ಸುಡಲಿಲ್ಲ, ಎಸೆಯಲಿಲ್ಲ. ಅವಳ ಮರಣಾನಂತರ ಅವು ಸಂಗ್ರಹಾಲಯ ಸೇರಿದವು. ೧೯೭೬ರಲ್ಲಿ ಡೇವಿಡ್ ವೈಟ್ ಎಂಬ ವಿದ್ವಾಂಸರು ಆ್ಯಡಿಯ ಕಾಲದ ಹಾರ್ಟ್‌ಫರ್ಡನ್ನು ಕುರಿತು ಬರೆದಾಗ ಅವುಗಳ ಬೆಲೆ ಹೊರಗೆ ಬಂದಿತು. ೧೯೯೯ರಲ್ಲಿ ಫರಾ ಜ್ಯಾಸ್ಮಿನ್ ಗ್ರಿಫಿನ್ ಅವರು ಇಬ್ಬರ ಪತ್ರಗಳನ್ನೂ ಸಂಪಾದಿಸಿ ಗ್ರಂಥರೂಪದಲ್ಲಿ ಪ್ರಕಟಿಸಿದರು.

ಆ ಪತ್ರಗಳ ಜೊತೆಯ ಒಂದು ಲಕೋಟೆಯ ಮೇಲೆ ರೆಬೆಕ್ಕಾಳ ಕೈಬರಹವಿದೆ. ಆ್ಯಡಿ ತೀರಿಕೊಂಡ ದಿನಾಂಕವನ್ನು ಅವಳು ಅಲ್ಲಿ ಗುರುತು ಹಾಕಿಟ್ಟಿದ್ದಾಳೆ. ಶೋಕದ ಮಾತಾಗಲಿ ಪ್ರೀತಿಯ ವಿಶೇಷಣವಾಗಲಿ ಅದರಲ್ಲಿಲ್ಲ. ಈ ಪ್ರೇಮದ ವಿಷಯದಲ್ಲಿ ರೆಬೆಕ್ಕಾಳ ಕಡೆಯಿಂದ ನಮಗೆ ಉಳಿದಿರುವ ಬರಹ ಅದೊಂದೇ ಸಾಲು. ಅದನ್ನು ಬರೆದ ಮೇಲೆ ಆ ಲಕೋಟೆಯನ್ನು ಅವಳು ಮತ್ತೆ ಕಟ್ಟಿನೊಳಗೇ ಇಟ್ಟಳು.