ಹೆಚ್ಚು ಸುತ್ತಬೇಕಾದರೆ ಕೆಳಭಾಗ ಗಟ್ಟಿಯಿರಬೇಕು: ಒಂದು ರೇಸ್ ಎಂಜಿನ್ನಿನ ಕಥೆ

ಎಂಜಿನ್ ಜೋರಾಗಿ ಓಡಬೇಕೆಂದರೆ ಎಲ್ಲರ ಕಣ್ಣು ಮೊದಲು ಹೋಗುವುದು ಕಾರ್ಬುರೇಟರ್, ಸೈಲೆನ್ಸರ್ ಕಡೆಗೆ. ಆದರೆ ಅದು ಎಷ್ಟು ಸುತ್ತು ತಾಳುತ್ತದೆ ಅನ್ನುವುದು ತೀರ್ಮಾನವಾಗುವುದು ಕೆಳಗಿನ ಕ್ರ್ಯಾಂಕ್, ಕನೆಕ್ಟಿಂಗ್ ರಾಡ್, ಬೇರಿಂಗ್‌ಗಳಲ್ಲಿ. ಅಮೆರಿಕದ ಷೆವರ್ಲೆ ಕಂಪನಿಯ 302 ಎಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ.

1966ರಲ್ಲಿ ಅಲ್ಲಿ ಟ್ರಾನ್ಸ್-ಆಮ್ ಎಂಬ ಕಾರ್ ರೇಸ್ ಸರಣಿ ಶುರುವಾಯಿತು. ದೊಡ್ಡ ಕಾರುಗಳ ವಿಭಾಗದಲ್ಲೂ ಎಂಜಿನ್ 5 ಲೀಟರ್ ಮೀರುವಂತಿರಲಿಲ್ಲ. ಷೆವರ್ಲೆ ಬಳಿ ಇದ್ದ 283 ಕ್ಯೂಬಿಕ್ ಇಂಚಿನ ಎಂಜಿನ್ ಸುಮಾರು 4.6 ಲೀಟರ್, ಅಂದರೆ ಚಿಕ್ಕದು. 327 ಕ್ಯೂಬಿಕ್ ಇಂಚಿನದು ಸುಮಾರು 5.4 ಲೀಟರ್, ಅಂದರೆ ಮಿತಿಗಿಂತ ದೊಡ್ಡದು. ಆಗ ಕಂಪನಿಯ ವಿನ್ಸ್ ಪಿಗಿನ್ಸ್ ಮತ್ತು ಸಂಗಡಿಗರು 327ರ ಬ್ಲಾಕಿಗೆ 283ರ ಸ್ಟ್ರೋಕ್ ಕೂಡಿಸಿದರು. ಬೋರ್ 4 ಇಂಚು, ಸ್ಟ್ರೋಕ್ 3 ಇಂಚು. ಒಟ್ಟು 302 ಕ್ಯೂಬಿಕ್ ಇಂಚು, 5 ಲೀಟರಿಗೆ ಸ್ವಲ್ಪ ಕಡಿಮೆ. 1967ರ ಕಮಾರೋ ಝಡ್/28 ಕಾರಿನಲ್ಲಿ ಇದು ಬಂತು. ಆ ವರ್ಷ ತಯಾರಾದದ್ದು 602 ಕಾರು ಮಾತ್ರ.

ಸ್ಟ್ರೋಕ್ ಕಡಿಮೆಯಾದದ್ದರಿಂದ ಇನ್ನೊಂದು ಲಾಭವಾಯಿತು. ನಿಮಿಷಕ್ಕೆ 7000 ಸುತ್ತು ಎಂದು ಲೆಕ್ಕ ಹಾಕಿ. 327ರಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 19.3 ಮೀಟರ್, 302ರಲ್ಲಿ 17.8 ಮೀಟರ್. ಪಿಸ್ಟನ್ ಮೇಲೆ ಹೋಗಿ ನಿಂತು ತಿರುಗುವಾಗ ಅದನ್ನು ಕೆಳಗೆ ಎಳೆಯುವುದು ರಾಡ್. ಹೊಗೆ ಹೊರಹಾಕುವ ಸ್ಟ್ರೋಕಿನ ಕೊನೆಯಲ್ಲಿ ಮೇಲಿನಿಂದ ಒತ್ತುವ ಬೆಂಕಿಯೂ ಇರುವುದಿಲ್ಲ, ಎಳೆತವೆಲ್ಲ ರಾಡ್ ಮತ್ತು ಅದರ ಬೋಲ್ಟಿನ ಮೇಲೆ. ಸುತ್ತು ಎರಡು ಪಟ್ಟಾದರೆ ಈ ಎಳೆತ ನಾಲ್ಕು ಪಟ್ಟಾಗುತ್ತದೆ. 2000 ಸುತ್ತಿನ ಆಸುಪಾಸಿನಲ್ಲಿ ಓಡುವ ಟ್ರ್ಯಾಕ್ಟರ್ ಎಂಜಿನ್ನಿಗೆ ಈ ಕಾಟ ಅಷ್ಟಿಲ್ಲ.

ಅದಕ್ಕೇ 302ಕ್ಕೆ ಎರಕದ ಕ್ರ್ಯಾಂಕ್ ಹಾಕದೆ, ಕಾಯಿಸಿ ಬಡಿದು ಮಾಡಿದ ಉಕ್ಕಿನ ಕ್ರ್ಯಾಂಕ್ ಹಾಕಿದರು. 1968ರಲ್ಲಿ ಮೇನ್ ಬೇರಿಂಗ್ ಕೂರುವ ಜರ್ನಲ್ಲನ್ನು 2.30 ಇಂಚಿನಿಂದ 2.45 ಇಂಚಿಗೆ ದಪ್ಪ ಮಾಡಿದರು. ದಪ್ಪವಾದರೆ ಕ್ರ್ಯಾಂಕ್ ಬಾಗುವುದು ಕಡಿಮೆ. ಆದರೆ ಬೇರಿಂಗಿನ ಮೇಲೆ ಉಜ್ಜುವ ವೇಗ ಹೆಚ್ಚು, ಆಯಿಲ್ ಸರಿಯಾಗಿ ಸಿಗಲೇಬೇಕು. ಒಂದು ಕಡೆ ಗಳಿಸಿದ್ದಕ್ಕೆ ಇನ್ನೊಂದು ಕಡೆ ಬೆಲೆ ಕೊಡಬೇಕು.

1966, 1967ರಲ್ಲಿ ಟ್ರಾನ್ಸ್-ಆಮ್ ದೊಡ್ಡ ವಿಭಾಗ ಗೆದ್ದದ್ದು ಫೋರ್ಡ್. 1968, 1969ರಲ್ಲಿ ಪೆನ್ಸ್ಕೆ ತಂಡದ ಮಾರ್ಕ್ ಡೊನೊಹ್ಯೂ ಕಮಾರೋ ಓಡಿಸಿ ಷೆವರ್ಲೆಗೆ ಪಟ್ಟ ತಂದರು. ಗೆಲುವಿಗೆ ಚಾಲಕ, ತಂಡ, ಕಾರು ಎಲ್ಲವೂ ಬೇಕು. ಆದರೆ ರಾಡ್ ಮುರಿದು ಬ್ಲಾಕ್ ಒಡೆದರೆ ಯಾವ ಚಾಲಕನೂ ಗೆಲ್ಲಲಾರ.

ಎಂಜಿನ್ ಕಟ್ಟುವವರು ಇಂದಿಗೂ ಹಿಡಿಯುವ ದಾರಿ ಇದೇ. ಎಷ್ಟು ಸುತ್ತು ಬೇಕು ಅನ್ನುವುದನ್ನು ಮೊದಲು ಗೊತ್ತು ಮಾಡಿಕೊಳ್ಳಿ, ಅದನ್ನು ತಾಳುವ ಕ್ರ್ಯಾಂಕ್, ರಾಡ್, ಬೋಲ್ಟ್ ಆರಿಸಿ. ಮೇಲಿನ ಸಾಮಾನಿಗೆ ದುಡ್ಡು ಹಾಕುವುದು ಆಮೇಲೆ.