‘ಹಾರ್ಡ್’ ಮತ್ತು ‘ಹಾರ್ಡ್ಲಿ’: ಕುಂದಾಪುರ ಸೀಮೆಯ ಇಂಗ್ಲಿಷು ಕಲಿಕೆ

1799ರಲ್ಲಿ ಟಿಪ್ಪುವಿನ ಪತನಾನಂತರ ಕನ್ನಡ ಜಿಲ್ಲೆಯು ಕುಂಪಣಿಯ ಕೈಸೇರಿತು. 1862ರಲ್ಲಿ ಉತ್ತರ ಭಾಗವು ಮುಂಬಯಿ ಪ್ರಾಂತಕ್ಕೆ ಹೋದಾಗಲೂ ಕುಂದಾಪುರವು ಬೈಂದೂರಿನ ಸಹಿತ ಮದರಾಸಿಗೇ ಉಳಿಯಿತು, ಬ್ರಹ್ಮಾವರವೂ ಅಂತೆಯೇ. ಕೆಳಗಿನ ಕಚೇರಿಗಳಲ್ಲಿ ಕನ್ನಡ, ಮೇಲಣ ಕಚೇರಿಗಳಲ್ಲಿ ಇಂಗ್ಲಿಷು. ಚಾಲಗೇಣಿಯ ಒಕ್ಕಲಿನ ಅಹವಾಲು ಮೇಲಕ್ಕೇರಬೇಕಾದರೆ ಭಾಷಾಂತರವಾಗಲೇ ಬೇಕು. 1857ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, ಅದರ ಮೆಟ್ರಿಕ್ಯುಲೇಶನ್ ಪರೀಕ್ಷೆಯು ಸರಕಾರಿ ಚಾಕರಿಗೆ ದಾರಿಯಾದ ಮೇಲೆ ಇಂಗ್ಲಿಷು ವ್ಯಾಕರಣವೆಂಬುದು ಅನ್ನದ ಪ್ರಶ್ನೆಯೇ ಆಯಿತು.

ಆ ವ್ಯಾಕರಣದಲ್ಲಿ ಕನ್ನಡಿಗನು ಹೆಚ್ಚಾಗಿ ಎಡವಿದ ತಾವು ಕ್ರಿಯಾವಿಶೇಷಣ. ಕಾರಣವು ದೂರದ್ದಲ್ಲ. ‘ಕಠಿನ’ಕ್ಕೆ ‘ಆಗಿ’ ಸೇರಿದರೆ ‘ಕಠಿನವಾಗಿ’. ಹಾಗೆಯೇ ‘ಸ್ಲೋ’ಗೆ ‘ಲಿ’ ಸೇರಿ ‘ಸ್ಲೋಲಿ’. ಎಂದ ಮೇಲೆ ‘ಹಾರ್ಡ್’ಗೂ ‘ಲಿ’ ಸೇರಬೇಡವೆ? ‘ಒಕ್ಕಲು ಕಷ್ಟಪಟ್ಟು ದುಡಿದನು’ ಎಂಬ ಮಾತಿಗೆ ‘ವರ್ಕ್ಡ್ ಹಾರ್ಡ್ಲಿ’ ಎಂದು ಬರೆದರೆ, ಓದುವ ಅಧಿಕಾರಿಗೆ ಅದು ‘ದುಡಿದದ್ದು ಇಲ್ಲವೆಂಬಷ್ಟೇ’ ಎಂದು ತೋರುವುದು. ಬೇಡಿಕೆಯ ಕಾಗದವು ಬೇಡಿದವನ ಮೇಲಣ ದೂರಾಗಿ ಪರಿಣಮಿಸಿತು!

ಹಾಗೆಂದು ವಿದ್ಯಾರ್ಥಿಯನ್ನು ಮಂದಮತಿಯೆನ್ನುವುದು ನ್ಯಾಯವಲ್ಲ. ಹಳೆಯ ಇಂಗ್ಲಿಷಿನಲ್ಲಿ ಗುಣವಾಚಕದ ಕೊನೆಗೆ ಎಕಾರವೊಂದನ್ನು ಸೇರಿಸಿದರೆ ಕ್ರಿಯಾವಿಶೇಷಣವಾಗುತ್ತಿತ್ತು. ಸುಮಾರು 15ನೆಯ ಶತಮಾನದ ಹೊತ್ತಿಗೆ ಆ ಎಕಾರವು ಉಚ್ಚಾರದಿಂದ ಲೋಪವಾಗಿ, ‘ಹಾರ್ಡ್’, ‘ಫಾಸ್ಟ್’ ಮೊದಲಾದವು ಎರಡು ಕೆಲಸಕ್ಕೂ ಒಂದೇ ರೂಪದಲ್ಲಿ ನಿಂತುವು. ‘ಲಿ’ಕಾರವುಳ್ಳ ಜೊತೆಪದವು ಮೊದಲು ‘ಬಲವಾಗಿ’, ಬಳಿಕ ‘ಕಷ್ಟದಿಂದ’ ಎಂಬ ಅರ್ಥವನ್ನು ಕೊಟ್ಟು, ಕಷ್ಟದಿಂದ ಆಗುವುದು ಬಹುಮಟ್ಟಿಗೆ ಆಗದುದೇ ಆದ್ದರಿಂದ, ಕಡೆಗೆ ‘ಇಲ್ಲವೆಂಬಷ್ಟು’ ಎಂಬಲ್ಲಿಗೆ ಇಳಿಯಿತು. 1611ರ ಇಂಗ್ಲಿಷು ಬೈಬಲಿನಲ್ಲಿ ಧನಿಕನ ಸ್ವರ್ಗಪ್ರವೇಶವನ್ನು ಹೇಳುವಲ್ಲಿ ‘ಹಾರ್ಡ್ಲಿ’ ಎಂದರೆ ‘ಕಷ್ಟದಿಂದ’ ಎಂದೇ ಅರ್ಥ. ನಮ್ಮ ಹುಡುಗನ ತಪ್ಪು ಇನ್ನೂರೈವತ್ತು ವರ್ಷ ತಡವಾಗಿ ಹುಟ್ಟಿದವನ ತಪ್ಪು.

‘ಲೇಟ್’ ತಡವಾಗಿ, ‘ಲೇಟ್ಲಿ’ ಈಚೆಗೆ. ಇದು ಅಷ್ಟು ಅಪಾಯದ್ದಲ್ಲ. ‘ನಿಯರ್ಲಿ’ ಹಾಗಲ್ಲ. ಗಂಗೊಳ್ಳಿಯ ಅಳಿವೆಯಲ್ಲಿ ದೋಣಿಯೊಂದು ‘ನಿಯರ್ಲಿ’ ಮುಳುಗಿತೆಂದರೆ ಅದು ಮುಳುಗಲಿಲ್ಲ, ಮುಳುಗುವುದರಲ್ಲಿತ್ತು. ದಡದ ಹತ್ತಿರ ಮುಳುಗಿತೆಂದು ಬರೆಯಹೊರಟವನು ಸರಕು ಕಳೆದುಕೊಂಡವನ ಪರಿಹಾರವನ್ನೇ ಕಳೆದಾನು.

ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಕ್ಕೆ ಒಂದು ಪ್ರಕರಣವನ್ನೇ ಕೊಟ್ಟಿದ್ದಾನೆ. ಆ ಗ್ರಂಥವನ್ನು 1872ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ಕಿಟ್ಟೆಲರೇ 1894ರಲ್ಲಿ ಕನ್ನಡ-ಇಂಗ್ಲಿಷು ನಿಘಂಟನ್ನೂ ಹೊರತಂದರು. ಶಾಲೆಗಳಿಗೋ ನೆಸ್‌ಫೀಲ್ಡನ ವ್ಯಾಕರಣ, 1930ರ ದಶಕದಿಂದ ರೆನ್ ಮತ್ತು ಮಾರ್ಟಿನ್. ಇವು ಒಳ್ಳೆಯ ಪುಸ್ತಕಗಳೇ. ಆದರೆ ಕನ್ನಡದ ‘ಇನ್ನೂ’ ಎಂಬ ಒಂದೇ ಪದವು ‘ಇನ್ನೂ ಇದ್ದಾನೆ’ ಎಂಬಲ್ಲಿ ‘ಸ್ಟಿಲ್’, ‘ಇನ್ನೂ ಬಂದಿಲ್ಲ’ ಎಂಬಲ್ಲಿ ‘ಯೆಟ್’ ಆಗುವುದೆಂಬುದನ್ನು ಕನ್ನಡ ಬಲ್ಲ ಉಪಾಧ್ಯಾಯನೇ ಹೇಳಿಕೊಡಬೇಕು. ‘ಬಹಳ ಒಳ್ಳೆಯವರು’ ಎಂಬುದಕ್ಕೆ ‘ವೆರಿ’ ಬಿಟ್ಟು ‘ಟೂ’ ಹಾಕಿದರೆ ಒಳ್ಳೆಯತನವೇ ಅತಿಯಾಯಿತೆಂದು ಧ್ವನಿಸುವುದನ್ನೂ ಅವನೇ ತೋರಿಸಬೇಕು.

‘ಪ್ರೆಸೆಂಟ್ಲಿ’ಯ ವಿಷಯ ಬೇರೆ. ಅದು ಮೊದಲು ‘ಒಡನೆಯೇ’ ಎಂದಿದ್ದು, ಇಂಗ್ಲೆಂಡಿನಲ್ಲಿ ‘ಸ್ವಲ್ಪ ಹೊತ್ತಿನಲ್ಲಿ’ ಎಂದಾಯಿತು. ‘ಈಗ’ ಎಂಬರ್ಥದಲ್ಲಿ ಅದನ್ನು ಬರೆಯುವ ಗುಮಾಸ್ತನನ್ನು ಕಂಡು ನಗುವವರುಂಟು. ಸ್ಕಾಟ್‌ಲೆಂಡಿನಲ್ಲಿಯೂ ಅಮೆರಿಕೆಯಲ್ಲಿಯೂ ಆ ಅರ್ಥವೇ ರೂಢಿಯಲ್ಲಿದೆ.